ಬಿಡಿ ಹಾಳೆ ಪಕ್ಷ, ಪ್ಯಾಡ್ ಪಕ್ಷ

ಫೋಟೊ ಅಂಟಿಸಿ ಅಲಂಕರಿಸುವ ಸ್ಕ್ರ್ಯಾಪ್‌ಬುಕ್ಕಿಗೆ ಚಿತ್ತಾರದ ಕಾಗದವನ್ನು ಹೇಗೆ ಕೊಳ್ಳಬೇಕು ಎಂಬ ವಿಷಯದಲ್ಲಿ ನಮ್ಮ ಕುಟುಂಬ ಮೂರು ಪಕ್ಷಗಳಾಗಿ ಒಡೆದುಹೋಗಿದೆ. ಅಕ್ಕನದು ಬಿಡಿ ಹಾಳೆ ಪಕ್ಷ. ನನ್ನದು ಪ್ಯಾಡ್ ಪಕ್ಷ, ಅಂದರೆ ಬಗೆಬಗೆಯ ಹಾಳೆಗಳನ್ನು ಒಟ್ಟಿಗೆ ಸೇರಿಸಿದ ಕಟ್ಟನ್ನೇ ಕೊಳ್ಳುವವರದು. ಭಾವನವರದು ಪ್ರಿಂಟರ್ ಪಕ್ಷ. ಅದರ ಏಕೈಕ ಸದಸ್ಯರು ಅವರು, ಅಧ್ಯಕ್ಷರೂ ಅವರೇ. ನನ್ನ ಮಗಳು ಯಾವ ಪಕ್ಷಕ್ಕೂ ಸೇರಿದವಳಲ್ಲ. ಆದರೆ ಕತ್ತರಿ ಅವಳ ಕೈಯಲ್ಲಿರುವುದರಿಂದ ಎಲ್ಲ ಪಕ್ಷದವರೂ ಅವಳೊಂದಿಗೆ ಮೃದುವಾಗಿಯೇ ಮಾತನಾಡುತ್ತಾರೆ.

ಅಕ್ಕ ಮೊದಲು ಫೋಟೊ ಆರಿಸುತ್ತಾಳೆ. ಆಮೇಲೆ ಅವನ್ನು ಲಕೋಟೆಯಲ್ಲಿಟ್ಟುಕೊಂಡು ಅಂಗಡಿಗೆ ಹೊರಡುತ್ತಾಳೆ. ಹಾಳೆಗಳ ಗೂಡಿನ ಮುಂದೆ ನಿಂತು, ಫೋಟೊದಲ್ಲಿರುವ ಮಗುವಿನ ಅಂಗಿಯ ನೀಲಿಗೂ ಹಾಳೆಯ ನೀಲಿಗೂ ಹೊಂದಾಣಿಕೆ ಇದೆಯೇ ಎಂದು ಕತ್ತು ಓರೆ ಮಾಡಿ ನೋಡುತ್ತಾಳೆ, ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಅಂಗಡಿಯವರು ಒಂದು ಸಲ ಕೆಮ್ಮಿದ ಮೇಲೆ ಎರಡೋ ಮೂರೋ ಹಾಳೆ ಕೊಳ್ಳುತ್ತಾಳೆ. ಬೇಕಾದದ್ದನ್ನು ಬೇಕಾದಷ್ಟೇ ಕೊಳ್ಳುವ ಈ ಪದ್ಧತಿಯಲ್ಲಿ ಲೋಪ ಹುಡುಕಲು ನಾನು ವರ್ಷಗಳಿಂದ ಶ್ರಮಿಸುತ್ತಿದ್ದೇನೆ. ಅದು ಕೊನೆಗೆ ಸಿಕ್ಕಿದ್ದು ಬಸ್ಸಿನಲ್ಲಿ.

ಈ ಹಾಳೆಗಳ ರೂಢಿಯ ಅಳತೆ ಹನ್ನೆರಡು ಇಂಚಿಗೆ ಹನ್ನೆರಡು ಇಂಚು. ಈ ಅಳತೆಗೆ ಹೊಂದುವ ಕೈಚೀಲವನ್ನು ನಾನಂತೂ ಇನ್ನೂ ಕಂಡಿಲ್ಲ. ಸುರುಳಿ ಸುತ್ತಿದರೆ ಮನೆಗೆ ಬಂದ ಮೇಲೂ ಅದು ಸುರುಳಿಯಾಗಿಯೇ ಇರಲು ಬಯಸುತ್ತದೆ. ಹಾಗಾಗಿ ಅಕ್ಕ ಹಾಳೆಗಳನ್ನು ಎರಡು ರಟ್ಟುಗಳ ನಡುವೆ ಇಟ್ಟು, ನಿಂತೇ ಪ್ರಯಾಣಿಸುತ್ತ, ಜನ ಹೆಚ್ಚಾದಂತೆಲ್ಲ ಕೈಯನ್ನು ಮೇಲಕ್ಕೆ ಎತ್ತುತ್ತ ಹೋದಳು. ಕೊನೆಗೆ ರಟ್ಟುಗಳು ಅವಳ ತಲೆಯ ಮೇಲಿದ್ದವು. ಬಸ್ಸು ಗಕ್ಕನೆ ನಿಂತಾಗ ಅಕ್ಕ ಕಂಬ ಹಿಡಿಯಲಿಲ್ಲ, ಹಾಳೆ ಹಿಡಿದಳು. ಹಾಳೆಗೆ ಏನೂ ಆಗಲಿಲ್ಲ. ಮುಂದೆ ನಿಂತಿದ್ದ ಹಿರಿಯರ ಕನ್ನಡಕ ಮಾತ್ರ ಸ್ವಲ್ಪ ವಾಲಿತು. ಅವರು ಅದನ್ನು ಸರಿಪಡಿಸಿಕೊಂಡು, ರಟ್ಟಿನೊಳಗೆ ಇಣುಕಿ, “ಹೂವು ಚೆನ್ನಾಗಿದೆ” ಎಂದರು.

ಹೂವು ನಿಜಕ್ಕೂ ಚೆನ್ನಾಗಿತ್ತು. ತೊಂದರೆ ಇದ್ದದ್ದು ಹಿಂಬದಿಯಲ್ಲಿ. ಅಲ್ಲಿ ಹಕ್ಕಿಗಳಿದ್ದವು, ಅವು ಹೂವಿಗಿಂತ ಚೆನ್ನಾಗಿದ್ದವು. ಈಗಿನ ಚಿತ್ತಾರದ ಹಾಳೆಗಳಲ್ಲಿ ಬಹುಪಾಲು ಎರಡು ಮಗ್ಗುಲಿನವು. ಒಂದೇ ಹಾಳೆಯಲ್ಲಿ ಎರಡು ವಿನ್ಯಾಸ ಎಂದು ಅದನ್ನು ಲಾಭವಾಗಿ ಮಾರುತ್ತಾರೆ, ನಾವೂ ಲಾಭವೆಂದೇ ಕೊಳ್ಳುತ್ತೇವೆ. ಅಂಟು ಕೈಗೆತ್ತಿಕೊಂಡಾಗ ತಿಳಿಯುತ್ತದೆ: ಹೂವು ಬೇಕಾದರೆ ಹಕ್ಕಿಗೆ ಅಂಟು ಬಳಿಯಬೇಕು, ಹಕ್ಕಿ ಬೇಕಾದರೆ ಹೂವಿಗೆ. ಅತ್ತ ದರಿ, ಇತ್ತ ಪುಲಿ, ನಡುವೆ ಅಕ್ಕ. ಇದಕ್ಕೆ ಪರಿಹಾರವೆಂದು ಅವಳು ಈಗ ಪ್ರತಿಯೊಂದು ಹಾಳೆಯನ್ನೂ ಜೋಡಿಯಾಗಿ ಕೊಳ್ಳುತ್ತಾಳೆ. ಬೇಕಾದಷ್ಟೇ ಕೊಳ್ಳುವ ಪಕ್ಷದ ಪ್ರಣಾಳಿಕೆ ಅಲ್ಲಿಗೆ ಮುಗಿಯಿತು ಎಂದು ನಾನು ಹೇಳಿದರೆ ಅವಳಿಗೆ ಕೇಳಿಸುವುದಿಲ್ಲ. ಇಷ್ಟಾದ ಮೇಲೂ, ಮುಂಬದಿಯ ಹೂವನ್ನು ನೋಡಿಕೊಂಡು ಅಳೆದು ಕತ್ತರಿಸಿದ ಪಟ್ಟಿಯನ್ನು ತಿರುಗಿಸಿ ಅಂಟಿಸುವಾಗ ಹಕ್ಕಿಗಳೆಲ್ಲ ಕಾಲು ಮೇಲೆ ಮಾಡಿ ಹಾರುತ್ತಿದ್ದವು. “ಅವು ಬಾವಲಿ ಅಂತ ಬರೆದುಬಿಡು ದೊಡ್ಡಮ್ಮ” ಎಂದಳು ನನ್ನ ಮಗಳು.

ನನ್ನ ಪಕ್ಷದ ವಾದಕ್ಕೆ ಗಣಿತದ ಬೆಂಬಲವಿದೆ. ದೊಡ್ಡ ಹಾಳೆಯ ವಿಸ್ತೀರ್ಣ 144 ಚದರ ಇಂಚು. ನಾಲ್ಕಕ್ಕೆ ಆರು ಇಂಚಿನ ಒಂದು ಫೋಟೊ 24 ಚದರ ಇಂಚು ನುಂಗುತ್ತದೆ. ಮೂರು ಫೋಟೊ ಅಂಟಿಸಿದರೆ 72, ಅಂದರೆ ಸರಿಯಾಗಿ ಅರ್ಧ ಹಾಳೆ ಮಾಯ. ಆಮೇಲೆ ಶೀರ್ಷಿಕೆ, ನಾಲ್ಕು ಸಾಲಿನ ಟಿಪ್ಪಣಿ, ಮಗಳು ಒತ್ತಾಯಿಸಿ ಅಂಟಿಸುವ ಚಿಟ್ಟೆ. ಬಸ್ಸಿನಲ್ಲಿ ಪ್ರಾಣ ಒತ್ತೆಯಿಟ್ಟು ತಂದ ಚಿತ್ತಾರದಲ್ಲಿ ಕೊನೆಗೆ ಕಣ್ಣಿಗೆ ಬೀಳುವುದು ಅಂಚಿನ ಪಟ್ಟಿಗಳು ಮತ್ತು ಫೋಟೊಗಳ ನಡುವಿನ ಸಂದುಗಳು. ವಿನ್ಯಾಸ ದೊಡ್ಡದಾದಷ್ಟೂ ಈ ಸಂದುಗಳಲ್ಲಿ ಅನಾಹುತ ಹೆಚ್ಚು. ಅಕ್ಕನ ಒಂದು ಪುಟದಲ್ಲಿ ಬೊಗಸೆಯಷ್ಟಗಲದ ಗುಲಾಬಿಗಳಿದ್ದವು. ಎಲ್ಲ ಅಂಟಿಸಿ ಮುಗಿದಾಗ ಉಳಿದದ್ದು ಅರ್ಧ ಗುಲಾಬಿ. ಅದೂ ನಮ್ಮ ಚಿಕ್ಕಪ್ಪನ ಫೋಟೊದ ಅಂಚಿನಲ್ಲಿ, ಅವರ ಬಲಗಿವಿಯ ನೇರಕ್ಕೆ ಇಣುಕುತ್ತಿತ್ತು. ಗಂಭೀರ ಸ್ವಭಾವದ ಮನುಷ್ಯ. ಆಲ್ಬಮ್ ನೋಡಿದ ಮೇಲೆ ಒಂದು ವಾರ ಫೋನಿನಲ್ಲಿ ಚುಟುಕಾಗಿ ಮಾತನಾಡಿದರು.

ಆರು ಇಂಚಿನ ಪ್ಯಾಡಿನಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ. ಅನೇಕ ಸರಣಿಗಳಲ್ಲಿ ದೊಡ್ಡ ಹಾಳೆಯ ಚಿತ್ತಾರವನ್ನೇ ಕುಗ್ಗಿಸಿ ಈ ಪ್ಯಾಡಿನಲ್ಲಿ ಮುದ್ರಿಸಿರುತ್ತಾರೆ. ಅಲ್ಲಿ ಗುಲಾಬಿ ಉಗುರಿನಷ್ಟಗಲ; ಕಿರುಬೆರಳಿನಗಲದ ಪಟ್ಟಿ ಕತ್ತರಿಸಿದರೂ ಅದರಲ್ಲಿ ಇಡೀ ಹೂವು ಇರುತ್ತದೆ. ಬಣ್ಣಗಳು ಒಂದಕ್ಕೊಂದು ಹೊಂದುವಂತೆ ಯಾರೋ ತಿಳಿದವರು ಮೊದಲೇ ಯೋಚಿಸಿದ್ದಾರೆ, ನಾನು ಕತ್ತು ಓರೆ ಮಾಡಬೇಕಾಗಿಲ್ಲ. ಕೈಚೀಲದಲ್ಲಿಯೂ ಹಿಡಿಸುತ್ತದೆ. ಇಡೀ ಪುಟಕ್ಕೆ ಹಿನ್ನೆಲೆ ಬೇಕೆಂದರೆ ಇದು ಸಾಲದು, ನಾಲ್ಕು ಹಾಳೆ ಜೋಡಿಸಿದರೆ ನಡುವೆ ಗೆರೆ ಕಾಣಿಸುತ್ತದೆ. ಅಂಥ ಹೊತ್ತಿಗೆ ಸಾದಾ ಕಾರ್ಡ್‌ಸ್ಟಾಕ್, ಅಂದರೆ ಚಿತ್ತಾರವಿಲ್ಲದ ದಪ್ಪ ಕಾಗದ, ಇದೆ. ಅದು ಮಾತನಾಡದೆ ಹಿಂದೆ ನಿಲ್ಲುತ್ತದೆ.

ಪ್ಯಾಡಿನ ವಿರುದ್ಧ ಹೇಳಬಹುದಾದ ಮಾತು ಒಂದೇ, ಅದನ್ನು ಅಕ್ಕ ಪ್ರತಿ ಭೇಟಿಯಲ್ಲೂ ಹೇಳುತ್ತಾಳೆ: ಅದರಲ್ಲಿ ಬೇಡದ ಹಾಳೆಗಳೂ ಬರುತ್ತವೆ. ಬರುತ್ತವೆ, ಒಪ್ಪಿದೆ. ನಾನು ಕೊಂಡ ಪ್ಯಾಡುಗಳಲ್ಲೆಲ್ಲ ಕಂದು ಬಣ್ಣದ ಮೇಲೆ ಹಳೆಯ ಗಡಿಯಾರಗಳಿರುವ ಒಂದು ಹಾಳೆ ಇದ್ದೇ ಇರುತ್ತದೆ. ಯಾವ ಸಂತೋಷದ ಸಂದರ್ಭಕ್ಕೂ ಅದು ಸಲ್ಲುವುದಿಲ್ಲ. ನಮ್ಮಲ್ಲಿ ಆ ಹಾಳೆಗಳಿಗೆ ಪ್ರತ್ಯೇಕ ಡಬ್ಬಿಯೇ ಇದೆ. ಅಂಟು ಒಣಗಿದೆಯೇ ಎಂದು ಪರೀಕ್ಷಿಸಲು, ಕಟರಿನ ಮೊನೆ ನೋಡಲು, ದೂರವಾಣಿ ಸಂಖ್ಯೆ ಗುರುತು ಹಾಕಲು ಅವು ಬಳಕೆಯಾಗುತ್ತವೆ.

ಭಾವನವರ ನಿಲುವು ಬೇರೆ. ಅಂಗಡಿಯೇ ಬೇಡ, ವಿನ್ಯಾಸದ ಫೈಲನ್ನು ಒಮ್ಮೆ ಕೊಂಡರೆ ಎಷ್ಟು ಹಾಳೆ ಬೇಕಾದರೂ ಮನೆಯಲ್ಲೇ ಮುದ್ರಿಸಬಹುದು, ಎರಡು ಮಗ್ಗುಲಿನ ಜಗಳವೂ ಇರುವುದಿಲ್ಲ ಎಂದು ಅವರು ಘೋಷಿಸಿದರು. ತತ್ವವಾಗಿ ಇದಕ್ಕೆ ಉತ್ತರವಿಲ್ಲ. ಪ್ರತಿ ಇಂಚಿಗೆ 300 ಚುಕ್ಕೆಯಂತೆ 3600 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಸೊಗಸಾದ ಫೈಲ್ ಬಂತು. ಎ4 ಹಾಳೆಯ ಅಗಲ 210 ಮಿಲಿಮೀಟರ್, ಅದಕ್ಕೆ ಇದು ಹಿಡಿಸುವುದಿಲ್ಲ ಎಂಬುದು ಭಾವನವರಿಗೆ ಮೊದಲೇ ಗೊತ್ತಿತ್ತು. ಅವರು ಎ3 ಪ್ರಿಂಟರ್ ತರಿಸಿದ್ದರು. ಎ3 ಹಾಳೆ ದೊಡ್ಡದು, ನೋಡಿದರೆ ಧೈರ್ಯ ಬರುತ್ತದೆ. ಅದರ ಅಗಲ 297 ಮಿಲಿಮೀಟರ್. ಹನ್ನೆರಡು ಇಂಚು ಎಂದರೆ 304.8 ಮಿಲಿಮೀಟರ್. ಅಷ್ಟು ದೊಡ್ಡ ಯಂತ್ರ ಮೇಜಿನ ಮೇಲೆ ಕುಳಿತು, ಗುಡುಗಿ, ಬೇಕಾದದ್ದಕ್ಕಿಂತ ಎಂಟು ಮಿಲಿಮೀಟರ್ ಕಡಿಮೆಯ ಹಾಳೆಯನ್ನು ಹೊರಗೆ ತಳ್ಳಿತು.

“ಎಂಟು ಮಿಲಿಮೀಟರ್ ಯಾರು ನೋಡುತ್ತಾರೆ?” ಎಂದರು ಭಾವ.

“ನೋಡುವುದೇ ಅಂಚನ್ನಲ್ಲವೇ ಭಾವ?” ಎಂದೆ ನಾನು, 72 ಚದರ ಇಂಚಿನ ಲೆಕ್ಕವನ್ನು ನೆನಪಿಸುತ್ತ. ಪರದೆಯ ಮೇಲೆ ಹೊಳೆಯುತ್ತಿದ್ದ ಗಿಳಿಹಸಿರು ಕಾಗದದ ಮೇಲೆ ಪಾಚಿಹಸಿರಾಗಿ ಬಂದಿತ್ತು. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರಿಂಟರ್ ಶಾಯಿಯಿಂದ; ಬೆಳಕಿಗೆ ಸಾಧ್ಯವಾದ ಎಲ್ಲ ಬಣ್ಣವೂ ಶಾಯಿಗೆ ಸಾಧ್ಯವಿಲ್ಲ. ಇದನ್ನು ವಿವರಿಸಿದವರೂ ಭಾವನವರೇ, ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡು. ಇಂಕ್‌ಜೆಟ್ ಶಾಯಿಗೂ ನೀರಿಗೂ ಇರುವ ಸಂಬಂಧವನ್ನು ಅವರು ಮಾತಿನಲ್ಲಿ ವಿವರಿಸಬೇಕಾಗಿ ಬರಲಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ತೂಕದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಪೊಟ್ಟಣದ ಮೇಲಿನ ವಿವರ ಓದಿ ಯಾರೂ ಇದನ್ನು ಊಹಿಸಲಾರರು. ಅಮೆರಿಕದ ಲೆಕ್ಕದಲ್ಲಿ ಕಾಗದದ ತೂಕವನ್ನು ಪೌಂಡಿನಲ್ಲಿ ಹೇಳುತ್ತಾರೆ. ಅದು 500 ಹಾಳೆಗಳ ತೂಕ. ಆದರೆ ತೂಗುವ ಹಾಳೆಯ ಅಳತೆ ಮಾತ್ರ ಬಗೆಗೊಂದು: ಪುಸ್ತಕದ ಕಾಗದಕ್ಕೆ 25ಕ್ಕೆ 38 ಇಂಚು, ರಕ್ಷಾಪುಟದ ಕಾಗದಕ್ಕೆ 20ಕ್ಕೆ 26 ಇಂಚು. ಹಾಗಾಗಿ 80 ಪೌಂಡ್ ಎಂದು ಬರೆದ ಒಂದು ಕಾಗದ ಸುಮಾರು 118 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ) ಇದ್ದರೆ, ಅದೇ 80 ಪೌಂಡ್ ಎಂದು ಬರೆದ ಇನ್ನೊಂದು 216 ಜಿಎಸ್‌ಎಂ ಇರುತ್ತದೆ. ನಮ್ಮ ಮನೆಗೆ ಬಂದದ್ದು ತೆಳ್ಳಗಿನದು. ನೀರಂಶದ ಅಂಟು ತಗುಲಿದೊಡನೆ ನಾರುಗಳು ಉಬ್ಬಿ, ಸಮುದ್ರದ ಫೋಟೊದ ಕೆಳಗೆ ಕಾಗದವೂ ಅಲೆಯೆದ್ದಿತು. ಆ ಪುಟಕ್ಕೆ ಮೆಚ್ಚುಗೆ ಬಂತು ಎಂಬುದು ಬೇರೆ ಮಾತು. ಜಿಎಸ್‌ಎಂ ನೋಡಿಕೊಳ್ಳಿ, ಅದು ಎಲ್ಲ ಕಾಗದಕ್ಕೂ ಒಂದೇ ಲೆಕ್ಕ. ಆಮ್ಲರಹಿತ, ಲಿಗ್ನಿನ್‌ರಹಿತ (ಲಿಗ್ನಿನ್ ಎಂದರೆ ಮರದ ನಾರಿನಲ್ಲಿರುವ ಒಂದು ಅಂಶ) ಎಂದು ಬರೆದಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಇಲ್ಲದಿದ್ದರೆ ಹಳೆಯ ವೃತ್ತಪತ್ರಿಕೆಗೆ ಬರುವ ಹಳದಿ ಬಣ್ಣ ನಿಮ್ಮ ಪುಟಕ್ಕೂ ಬರುತ್ತದೆ, ಮೇಲಿರುವ ಫೋಟೊಕ್ಕೂ ಒಳ್ಳೆಯದಲ್ಲ. ಅಂಟಿನ ರಗಳೆ ಹೊಸದೇನಲ್ಲ. ಮಾರ್ಕ್ ಟ್ವೈನ್ 1873ರಲ್ಲೇ, ಒದ್ದೆ ಮಾಡಿದರೆ ಸಾಕು ತಾನಾಗಿ ಅಂಟುವ ಪುಟಗಳ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದಿದ್ದರು. ಅಂಟಿನ ಸಮಸ್ಯೆಯನ್ನು ತಮಗೆ ಸಾಧ್ಯವಾದಷ್ಟು ಬಗೆಹರಿಸಿ, ಕಾಗದದ್ದನ್ನು ಅವರು ನಮ್ಮ ಕುಟುಂಬಕ್ಕೆ ಬಿಟ್ಟುಹೋದರು.

ಇನ್ನು ಕಿಟ್. ಒಂದು ಸರಣಿಯ ಎಲ್ಲ ಹಾಳೆಗಳು ಒಂದೊಂದೋ ಎರಡೆರಡೋ, ಜೊತೆಗೆ ಅದಕ್ಕೆ ಒಪ್ಪುವ ಸ್ಟಿಕರ್. ಮೂರೂ ಪಕ್ಷಗಳು ಒಮ್ಮತದಿಂದ ಕೊಂಡ ಏಕೈಕ ವಸ್ತು ಅದು. ಮಳೆಗಾಲದ ಸರಣಿ, ಬೂದುನೀಲಿ ಹಿನ್ನೆಲೆ, ಕೊಡೆಗಳು, ಪುಟ್ಟ ಕಾಗದದ ದೋಣಿಗಳು. ಆಲ್ಬಮ್ಮಿನ ಮುಕ್ಕಾಲು ಭಾಗ ಅದರಲ್ಲೇ ಆಯಿತು. ದೋಣಿಯ ಹಾಳೆ ಇನ್ನೊಂದು ಬೇಕೆಂದು ಹೋದರೆ ಆ ಸರಣಿಯೇ ನಿಂತುಹೋಗಿತ್ತು. ಈ ತಯಾರಕರು ಹೊಸ ಸರಣಿಗಳನ್ನು ತರುತ್ತಲೇ ಇರುತ್ತಾರೆ, ಹಳೆಯದನ್ನು ಸಾಮಾನ್ಯವಾಗಿ ಮತ್ತೆ ಮುದ್ರಿಸುವುದಿಲ್ಲ.

ದೋಣಿಯ ಹಾಳೆ ಈಗ ಲೋಕದಲ್ಲಿ ಎಲ್ಲಿದೆಯೋ ಇಲ್ಲವೋ, ಅಕ್ಕನ ಕಪಾಟಿನಲ್ಲಂತೂ ಒಂದಿದೆ. ಅವಳು ಆಗಲೇ ಬಿಡಿಯಾಗಿಯೂ ಒಂದನ್ನು ಕೊಂಡಿಟ್ಟಿದ್ದಳು, ಎರಡು ಮಗ್ಗುಲಿನ ಭಯದಿಂದ. ಬದಲಿಗೆ ಅವಳು ಕೇಳುತ್ತಿರುವುದು ನನ್ನ ಗುಲಾಬಿ ಪ್ಯಾಡಿನ ಅರ್ಧ. ಚಿಕ್ಕಪ್ಪನ ಪುಟವನ್ನು ಮತ್ತೆ ಮಾಡಬೇಕಂತೆ. ಕಾಲು ಭಾಗ ಕೊಡುತ್ತೇನೆ, ಗಡಿಯಾರದ ಹಾಳೆಗಳು ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಲಿ ಎಂದು ಹೇಳಿಕಳುಹಿಸಿದ್ದೇನೆ. ಭಾವನವರು ಮಧ್ಯಸ್ಥಿಕೆ ವಹಿಸಲು ಸಿದ್ಧರಿದ್ದಾರೆ: ದೋಣಿಯ ಹಾಳೆಯನ್ನು ಸ್ಕ್ಯಾನ್ ಮಾಡಿ ಇಬ್ಬರಿಗೂ ಒಂದೊಂದು ಮುದ್ರಿಸಿ ಕೊಡುತ್ತಾರಂತೆ, ಎಂಟು ಮಿಲಿಮೀಟರ್ ಕಡಿಮೆ.