ಡಾಂಬರು ಆರುವ ಮುನ್ನ

ಶರದೃತುವಿನಲ್ಲಿ ಕಾಶ್ಮೀರದ ಚಿನಾರ್ ಎಲೆಗಳು ಕೆಂಪಾಗುತ್ತವೆ, ತುಮಕೂರಿನ ರಸ್ತೆಗಳು ಕೆಂಪಾಗುತ್ತವೆ. ನಮ್ಮ ಅಡ್ಡರಸ್ತೆಯ ಕಥೆ ನಿಮಗೆ ಗೊತ್ತೇ ಇದೆ. ನಿಮ್ಮ ಬೀದಿಯದೂ ಅದೇ ಕಥೆ. ಗಣೇಶನನ್ನು ಬಿಟ್ಟ ವಾರ ಡಾಂಬರು ಬಿತ್ತು. ಆಯುಧಪೂಜೆಗೆ ಜೆಸಿಬಿ ಬಂತು. ಬಾಳೆಕಂದು ಕಟ್ಟಿಸಿಕೊಂಡು, ಬೂದುಗುಂಬಳ ಒಡೆಸಿಕೊಂಡು, ಬಕೆಟ್ಟಿನ ಹಲ್ಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತ ಆ ಹಳದಿ ಯಂತ್ರಕ್ಕೆ ಬೀದಿಯ ಹೆಂಗಸರೂ ಭಕ್ತಿಯಿಂದ ಕೈ ಮುಗಿದರು. ಮರುದಿನ ವಿಜಯದಶಮಿ, ಹೊಸ ಕೆಲಸಕ್ಕೆ ಕೈ ಹಾಕಲು ಪ್ರಶಸ್ತ ದಿನ. ಕೈ ಹಾಕಿದರು.

ಮಳೆಗಾಲ ಮುಗಿಯಲಿ, ಆಮೇಲೆ ಅಗೆಯೋಣ ಎಂಬುದು ಇಲಾಖೆಗಳ ಸದುದ್ದೇಶ. ಮೆಚ್ಚಬೇಕಾದದ್ದೇ. ಆದರೆ ಮಳೆಗಾಲ ಮುಗಿಯುವುದು ಯಾವ ಊರಿನಲ್ಲಿ ಸ್ವಾಮಿ? ಸೆಪ್ಟೆಂಬರ್ 30ಕ್ಕೆ ಮುಂಗಾರು ಕಾಗದದ ಮೇಲೆ ಮುಗಿಯುತ್ತದೆ. ನಮಗೆ ಮುಂಗಾರು ಎಂದರೆ ಬರುತ್ತೇನೆಂದು ಹೇಳಿ ಕಳಿಸಿ ಬಾರದ ನೆಂಟ. ತುಮಕೂರಿಗೆ ಮಳೆ ಎನ್ನುವಂಥ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಸ್ತ, ಚಿತ್ತೆ, ಸ್ವಾತಿಗಳ ಮೇಲೆ ಕಣ್ಣಿಟ್ಟು ರಾಗಿ ಬೆಳೆಯುವವನಿಗೆ ಇದು ಗೊತ್ತು. ಟೆಂಡರ್ ಬರೆಯುವವರಿಗೆ ಗೊತ್ತಿಲ್ಲ ಎಂದು ನಂಬುವಷ್ಟು ಮುಗ್ಧ ನಾನಲ್ಲ. ಚಿತ್ತೆ ಮಳೆ ಹೊಡೆಯಬೇಕು, ಮುಚ್ಚಿದ ಮಣ್ಣು ಕುಸಿಯಬೇಕು, ಮತ್ತೊಂದು ಅಂದಾಜು ಪಟ್ಟಿ ತಯಾರಾಗಬೇಕು. ಇದಕ್ಕಿಂತ ಒಳ್ಳೆಯ ಬೇಸಾಯ ಯಾವುದಿದೆ?

ಪಾಪ, ಯಂತ್ರದ ತಪ್ಪೇನೂ ಇಲ್ಲ. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1953ರಲ್ಲಿ ಇದನ್ನು ಹೊರತಂದಾಗ ಹಿಂದೆ ಅಗೆಯುವ ತೋಳು, ಮುಂದೆ ಮಣ್ಣು ತುಂಬುವ ಬಕೆಟ್ಟು, ಎರಡನ್ನೂ ಒಂದೇ ಗಾಡಿಗೆ ಜೋಡಿಸಿದ್ದ. ಚಾಲಕ ಅಗೆದಾದ ಮೇಲೆ ಸೀಟು ತಿರುಗಿಸಿಕೊಂಡು ಮುಚ್ಚಲಿ ಎಂದು ತಾನೆ? ನಮ್ಮಲ್ಲಿ ಸೀಟು ಒಂದೇ ಕಡೆಗೆ ತುಕ್ಕು ಹಿಡಿದಿರಬೇಕು. ಮುಂದಿನ ಬಕೆಟ್ಟು ಶ್ರದ್ಧೆಯಿಂದ ದುಡಿಯುವುದನ್ನು ನಾನು ನೋಡಿರುವುದು ನಾಯಕರ ಮೆರವಣಿಗೆಯಲ್ಲಿ ಮಾತ್ರ. ವೃತ್ತದ ಎರಡೂ ಬದಿಗೆ ಸಾಲಾಗಿ ಜೆಸಿಬಿಗಳು, ಬಕೆಟ್ಟಿನ ಒಳಗೆ ಸೇವಂತಿಗೆ ಬುಟ್ಟಿಗಳ ನಡುವೆ ನಾಲ್ಕು ಜನ ಹುಡುಗರು. ನಾಯಕರ ಕಾರು ಬಂತೋ, ಆಕಾಶದಿಂದ ಪುಷ್ಪವೃಷ್ಟಿ. ಆಮೇಲೆ ಕ್ರೇನಿನಲ್ಲಿ ತೂಗುವ ಕೊಬ್ಬರಿ ಹಾರ. ತಿಪಟೂರು ಇರುವ ಜಿಲ್ಲೆ, ಸೇಬಿಗಾಗಿ ಹಿಮಾಚಲದವರೆಗೆ ಹೋಗಬೇಕಾಗಿಲ್ಲ. ಒಂದು ಗಂಟೆ ಹೂ ಸುರಿಯಲು ಸಿಗುವ ಬಕೆಟ್ಟು ಒಂದು ಗುಂಡಿಗೆ ಮಣ್ಣು ಸುರಿಯಲು ಸಿಗುವುದಿಲ್ಲ.

ಜನರನ್ನೂ ಒಂದಿಷ್ಟು ಅನ್ನಬೇಕು. ಜೆಸಿಬಿ ನಿಂತರೆ ಸಾಕು, ತಟ್ಟೆ ಇಡ್ಲಿ ತಿನ್ನುತ್ತಿದ್ದವರು ಕೈ ತೊಳೆಯದೆ ಎದ್ದು ಬರುತ್ತಾರೆ. 2019ರಲ್ಲಿ ಇಡೀ ದೇಶವೇ ಜೆಸಿಬಿ ಅಗೆಯುವ ವಿಡಿಯೊಗಳನ್ನು ನೋಡುತ್ತಾ ಕುಳಿತಿತ್ತಲ್ಲ, ನೆನಪಿರಬಹುದು. ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡುವ ಕೆಲಸವನ್ನು ಯಾರೂ ನಿಂತು ನೋಡಿದ್ದಿಲ್ಲ. ಆ ಕೆಲಸ ನಡೆದರಲ್ಲವೆ ನೋಡುವುದು!

ನಮ್ಮ ಬೀದಿಯ ಚಾಲಕ ಮಾತ್ರ ಕಲಾವಿದ. ಚರಂಡಿಗೆ ಬಿದ್ದ ಮಗುವಿನ ಚಪ್ಪಲಿಯೊಂದನ್ನು ಬಕೆಟ್ಟಿನ ಒಂದೇ ಹಲ್ಲಿನಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟ. ಅಂಥ ಕೈ. ‘ಕೆಳಗೆ ಏನೇನಿದೆ ಎಂದು ನಕ್ಷೆ ಕೊಟ್ಟಿದ್ದಾರೇನಪ್ಪ?’ ಎಂದು ಕೇಳಿದೆ. ‘ತಗುಲಿದ ಮೇಲೆ ಗೊತ್ತಾಗುತ್ತದೆ ಸಾರ್’ ಎಂದ. ಅಗೆಯುವ ಮುನ್ನ ಒಂದು ಮಾತು ಕೇಳಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಟ್ಟಿದೆ. ಕೇಬಲ್ ತುಂಡಾಗಿ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತ್ತು. ಹುಡುಗನಿಗೆ ಆ್ಯಪಿನ ಹೆಸರು ಹೇಳಿದೆ. ಆಸಕ್ತಿಯಿಂದಲೇ ಮೊಬೈಲ್ ತೆಗೆದ. ಡೌನ್‌ಲೋಡ್ ಆಗಲಿಲ್ಲ. ಕೇಬಲ್ ಬೆಳಿಗ್ಗೆಯೇ ತುಂಡಾಗಿತ್ತು.

ಮಧ್ಯಾಹ್ನ ನೀರಿನ ಪೈಪಿಗೂ ತಗುಲಿತು. ಹೇಮಾವತಿಯ ಭಾಗ್ಯ ನೋಡಿ. ಗೊರೂರಿನ ಅಣೆಕಟ್ಟೆಯಿಂದ ಹೊರಟು, ನಾಲೆಯುದ್ದಕ್ಕೂ ತಾಲ್ಲೂಕು ತಾಲ್ಲೂಕಿನ ಜಗಳ ದಾಟಿ, ಬುಗುಡನಹಳ್ಳಿ ಕೆರೆ ಸೇರಿ, ಶುದ್ಧಳಾಗಿ, ಕೊನೆಗೆ ನಮ್ಮ ಮನೆಯ ನಲ್ಲಿಗೆ ಹತ್ತು ಮಾರು ಇರುವಾಗ ಗುಂಡಿಯಲ್ಲಿ ಐಕ್ಯಳಾದಳು. ನೀರಿನವರು ಕೇಬಲ್ಲಿನವರನ್ನು ಕೇಳಿ ಎಂದರು. ಕೇಬಲ್ಲಿನವರು ಗುತ್ತಿಗೆದಾರರನ್ನು ಕೇಳಿ ಎಂದರು. ಗುತ್ತಿಗೆದಾರರು ಹಬ್ಬಕ್ಕೆ ಊರಿಗೆ ಹೋಗಿದ್ದರು.

2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಪಟಾಕಿ ಹೊಡೆದವರಿದ್ದರು. 2025ರ ಮಾರ್ಚ್ 31ಕ್ಕೆ ಆ ಯೋಜನೆಯ ಅವಧಿಯೇ ಮುಗಿದುಹೋಯಿತು. ಒಂದು ಇಲಾಖೆ ಡಾಂಬರು ಹಾಕುವ ಮೊದಲು ಇನ್ನೊಂದಕ್ಕೆ ಫೋನು ಮಾಡುವಷ್ಟು ಸ್ಮಾರ್ಟ್ ಆಗಲು ಆ ಒಂಬತ್ತು ವರ್ಷ ಸಾಲಲಿಲ್ಲ.

ತಮಾಷೆ ಸಾಕು. ಗುಂಡಿಗೆ ಎಚ್ಚರಿಕೆಯ ಗುರುತೆಂದು ಇಟ್ಟಿರುವುದು ಎರಡು ಸೈಜುಗಲ್ಲು, ಒಂದು ಹೊಂಗೆ ಕೊಂಬೆ. ಮೂರೇ ದಿನಕ್ಕೆ ಎಲೆ ಒಣಗಿ ಉದುರಿ, ಕತ್ತಲಲ್ಲಿ ಕೊಂಬೆ ಕಾಣುವುದಿಲ್ಲ. ಮೊನ್ನೆ ರಾತ್ರಿ ಮಳೆಯಲ್ಲಿ ಸ್ಕೂಟರು ಬಿತ್ತು. ಹಿಂದೆ ಕುಳಿತಿದ್ದ ಹೆಂಗಸಿನ ಮೊಣಕೈ ಮುರಿದಿದೆ. ಮನೆಮನೆಯ ಕೆಲಸ ಮಾಡಿ ಬದುಕುವವರು. ಆ ಕೈ ಕೂಡುವ ತನಕ ಅವರ ಮನೆ ನಡೆಯುವುದು ಹೇಗೆ? ಲಕ್ಷಗಟ್ಟಲೆಯ ಕಾಮಗಾರಿಯಲ್ಲಿ ಒಂದು ರಿಫ್ಲೆಕ್ಟರ್ ಪಟ್ಟಿಗೆ, ಒಂದು ಕೆಂಪು ದೀಪಕ್ಕೆ ದುಡ್ಡಿಲ್ಲವೆ? ಅಗೆದದ್ದಕ್ಕೆ ಅಳತೆ ಪುಸ್ತಕ ಇದೆ, ಬಿಲ್ಲು ಇದೆ. ನೆಟ್ಟಗೆ ಮುಚ್ಚಿದೆಯೇ ಎಂದು ಬಂದು ಕಾಲಿನಿಂದ ಒತ್ತಿ ನೋಡುವವನು ಒಬ್ಬನೂ ಇಲ್ಲ.

ಆ ಬಿಲ್ಲಿಗೆ ಸಹಿ ಹಾಕುವ ಸಾಹೇಬರು ಯಾರೇ ಇರಲಿ, ಸ್ವಾತಿ ಮಳೆಯ ಒಂದು ರಾತ್ರಿ ಕರೆಂಟು ಹೋದ ಮೇಲೆ ಜೀಪು ಬಿಟ್ಟು ಸ್ಕೂಟರಿನಲ್ಲಿ ನಮ್ಮ ಬೀದಿಗೆ ದಯಮಾಡಿಸಬೇಕು. ಹೂವಿನ ವ್ಯವಸ್ಥೆ ನಾವು ಮಾಡುತ್ತೇವೆ.