ಹಾಸನದ ಮದುವೆಗೆ ಪುಣೆಯ ಗಡಿಯಾರ ಬರಲಿ, ಸ್ಟೇಜು ಬೇಡ

ಪುಣೆಯ ಮಂಗಲ ಕಾರ್ಯಾಲಯಕ್ಕೆ, ಅಂದರೆ ಮದುವೆ ಛತ್ರಕ್ಕೆ, ದಿನ ಗೊತ್ತುಮಾಡಲು ಹೋದರೆ ಮೊದಲು ಕೇಳುವುದು ‘ಎಷ್ಟು ಎಲೆ?’ ಎಂದು, ಅಂದರೆ ಊಟಕ್ಕೆ ಎಷ್ಟು ಜನ ಎಂದು. ಆಮೇಲೆ ‘ಮುಹೂರ್ತ ಎಷ್ಟು ಗಂಟೆಗೆ?’. ಹೂವು, ದೀಪ, ಬಣ್ಣದ ಮಾತು ಆಮೇಲಿನದು. ನಮ್ಮ ಹಾಸನ, ಚಿಕ್ಕಮಗಳೂರಿನ ಕಡೆ ಈಗ ಇದು ತಿರುಗುಮುರುಗಾಗಿದೆ. ಸ್ಟೇಜಿನ ಹಿಂದಿನ ಪರದೆಯ ಬಣ್ಣ ಮೂರು ತಿಂಗಳು ಮೊದಲೇ ತೀರ್ಮಾನವಾಗಿರುತ್ತದೆ. ಊಟಕ್ಕೆ ಎಷ್ಟು ಜನ ಎಂದರೆ ಹಿಂದಿನ ರಾತ್ರಿವರೆಗೂ ‘ಎಂಟುನೂರು, ಹೆಚ್ಚೆಂದರೆ ಸಾವಿರ’ ಎಂಬ ಅಂದಾಜೇ. ಎರಡೂ ಕಡೆಯ ಮದುವೆಗಳಿಗೆ ಏರ್ಪಾಟು ಮಾಡುವ ನನ್ನ ಅನಿಸಿಕೆ ಇಷ್ಟು: ಹೊರಗಿನಿಂದ ಊರಿಗೆ ತರಬೇಕಾದದ್ದು ಹೊತ್ತಿನ ಲೆಕ್ಕ ಮತ್ತು ತಲೆಯ ಲೆಕ್ಕ. ತರುತ್ತಿರುವುದು ಮಾತ್ರ ಅಲಂಕಾರವನ್ನು.

ದೊಡ್ಡ ವ್ಯತ್ಯಾಸ ಆರತಕ್ಷತೆಯದು. ಪುಣೆಯಲ್ಲಿ ಮದುವೆ ಮುಗಿದ ಮೇಲೆ ಆರತಕ್ಷತೆ. ನಮ್ಮಲ್ಲಿ ಧಾರೆಯ ಹಿಂದಿನ ಸಂಜೆಯೇ ಹುಡುಗ ಹುಡುಗಿಯನ್ನು ನಿಲ್ಲಿಸುತ್ತೇವೆ. ಕಚೇರಿ, ಅಂಗಡಿ ಮುಗಿಸಿ ಬರುವವರಿಗೆ ಅದು ಅನುಕೂಲ, ಒಪ್ಪೋಣ. ಆದರೆ ಅದಕ್ಕೆ ಬೆಲೆ ತೆರುವವಳು ಮದುಮಗಳು. ಬೆಳಗಿನ 7ಕ್ಕೆ ಮುಹೂರ್ತ ಎಂದುಕೊಳ್ಳಿ. ಅದಕ್ಕೆ ಮುಂಚಿನ ಗೌರಿ ಪೂಜೆ, ಶಾಸ್ತ್ರಗಳಿಗೆ ಒಂದು ಗಂಟೆ ಬೇಕು, ಹಾಗಾಗಿ 6ಕ್ಕೆ ಅವಳು ಸಿದ್ಧವಾಗಿರಬೇಕು. ಮೇಕಪ್ಪಿಗೆ ಒಂದೂವರೆ ಗಂಟೆ, ಜಡೆಗೆ ಮುಕ್ಕಾಲು ಗಂಟೆ, ಸೀರೆ ಒಡವೆಗೆ ಅರ್ಧ ಗಂಟೆ. ಅಂದರೆ 3.15ಕ್ಕೆ ಕುರ್ಚಿಯಲ್ಲಿ ಕೂತಿರಬೇಕು, 2.45ಕ್ಕೆ ಏಳಬೇಕು. ಹಿಂದಿನ ರಾತ್ರಿ ಆರತಕ್ಷತೆ ಮುಗಿದು, ಫೋಟೋ ಮುಗಿದು, ತಲೆಯ ಪಿನ್ನುಗಳನ್ನೆಲ್ಲ ತೆಗೆದು, ಮುಖ ತೊಳೆದು, ಒಂದು ತುತ್ತು ತಿಂದು ಮಲಗುವಾಗ ಹನ್ನೆರಡು ದಾಟಿರುತ್ತದೆ. ಎರಡೂವರೆ ಗಂಟೆ ನಿದ್ದೆ. ಹಸೆಮಣೆಯ ಮೇಲೆ ತಲೆ ಸುತ್ತಿ ಬೀಳುವ ಹುಡುಗಿಯರಿಗೆ ದೃಷ್ಟಿ ತಗಲಿಲ್ಲ, ನಿದ್ದೆ ಊಟ ಇಲ್ಲದೆ ಸೋತಿದ್ದಾರೆ.

ಪರಿಹಾರ ಜೋಯಿಸರ ಹತ್ತಿರವೇ ಇದೆ. ಒಂದೇ ದಿನಕ್ಕೆ ಒಂದಕ್ಕಿಂತ ಹೆಚ್ಚು ಲಗ್ನ ಸಿಗುವುದುಂಟು. ಛತ್ರ ಗೊತ್ತುಮಾಡುವ ಮೊದಲೇ ‘ಒಂಬತ್ತೂವರೆಯಿಂದ ಹನ್ನೊಂದೂವರೆ ಒಳಗೆ ಯಾವುದಾದರೂ ಇದೆಯೇ?’ ಎಂದು ಕೇಳಿ. ಇಲ್ಲದಿದ್ದರೆ ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತ ಆಗುತ್ತದೆಯೇ ಎಂದು ಕೇಳಿ. ಮುಹೂರ್ತ ಒಂಬತ್ತೂವರೆಗೆ ಸಿಕ್ಕರೆ ಹಿಂದಿನ ಸಂಜೆಯ ಆರತಕ್ಷತೆಯನ್ನೇ ಬಿಟ್ಟು, ಧಾರೆಯಾದ ಮೇಲೆ 11.30ರಿಂದ 2.30ರವರೆಗೆ, ಊಟದ ಪಂಕ್ತಿಗಳು ನಡೆಯುತ್ತಿರುವಾಗಲೇ ಇಟ್ಟುಕೊಳ್ಳಬಹುದು. ಒಂದು ರಾತ್ರಿಯ ಊಟ, ಒಂದು ಅಲಂಕಾರ, ಒಂದು ಮೇಕಪ್ಪು ಪೂರ್ತಿ ಉಳಿಯುತ್ತದೆ. ಸಂಜೆಯದೇ ಬೇಕೆಂದರೆ ಪತ್ರಿಕೆಯಲ್ಲಿ ‘6.30ರಿಂದ 9.30’ ಎಂದು ಮುಗಿಯುವ ಹೊತ್ತನ್ನೂ ಅಚ್ಚು ಮಾಡಿಸಿ. ‘6.30ರಿಂದ’ ಎಂದಷ್ಟೇ ಬರೆದರೆ ಹತ್ತೂವರೆಗೂ ಜನ ಬರುತ್ತಲೇ ಇರುತ್ತಾರೆ, ಅದು ಅವರ ತಪ್ಪಲ್ಲ.

ಸ್ಟೇಜಿನ ಸಾಲಿಗೂ ಲೆಕ್ಕ ಇದೆ. ಸಾವಿರ ಜನ ಎಂದರೆ ನಾಲ್ಕು ಜನರ 250 ಗುಂಪು. ಹಾರೈಸಿ, ಉಡುಗೊರೆ ಕೊಟ್ಟು, ಫೋಟೋ ತೆಗೆಸಿ ಇಳಿಯಲು ಒಂದು ಗುಂಪಿಗೆ 40 ಸೆಕೆಂಡ್ ಹಿಡಿದರೂ ಹತ್ತಿರಹತ್ತಿರ ಎರಡು ಮುಕ್ಕಾಲು ಗಂಟೆ. ಹತ್ತುವ ಮೆಟ್ಟಿಲು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ ಇರಲೇಬೇಕು. ಹೂವಿನ ಕಮಾನು ಕಟ್ಟುವವರು ಇಳಿಯುವ ಮೆಟ್ಟಿಲನ್ನೇ ಮುಚ್ಚಿಬಿಡುತ್ತಾರೆ, ಕಟ್ಟುವ ಮೊದಲು ಹೋಗಿ ನೋಡಿ. ಗಂಟೆಗೊಮ್ಮೆ ಹತ್ತು ನಿಮಿಷ ಸಾಲು ನಿಲ್ಲಿಸಿ ಇಬ್ಬರಿಗೂ ಕೂರಲು, ನೀರು ಕುಡಿಯಲು ಬಿಡಬೇಕು. ಮದುಮಗಳ ಊಟ ಸ್ಟೇಜು ಹತ್ತುವ ಮೊದಲೇ ಆಗಬೇಕು.

ಹೊಸ ಟ್ರೆಂಡುಗಳಲ್ಲಿ ನನಗೆ ಬೇಸರ ತರಿಸುವುದು ಹಲ್ದಿ. ಅರಿಸಿನ ಶಾಸ್ತ್ರ ನಮ್ಮಲ್ಲಿ ಇದ್ದೇ ಇದೆ. ಚಪ್ಪರದ ದಿನ ಮನೆಯವರು, ಮುತ್ತೈದೆಯರು ಹಚ್ಚಿ ಮೀಯಿಸುತ್ತಾರೆ. ಅದರ ಮೇಲೆ ಹಳದಿ ಬಟ್ಟೆ, ಹಳದಿ ಪರದೆ, ಪ್ಲಾಸ್ಟಿಕ್ ಚೆಂಡುಹೂವಿನ ಇನ್ನೊಂದು ಹಲ್ದಿ ಏಕೆ? ಅರಿಸಿನ ಶಾಸ್ತ್ರವನ್ನೇ ಬೆಳಕಿರುವ ಹೊತ್ತಿಗೆ, ಬೆಳಿಗ್ಗೆ ಹತ್ತರ ಒಳಗೆ, ಚಪ್ಪರದ ಕೆಳಗೆ ಮಾಡಿದರೆ ಚಿತ್ರವೂ ಚೆಂದ ಬರುತ್ತದೆ. ಹಚ್ಚಲು ಕಸ್ತೂರಿ ಅರಿಸಿನ ತನ್ನಿ. ಅಡುಗೆಯ ಅರಿಸಿನ ಚರ್ಮಕ್ಕೆ ಕಚ್ಚಿಕೊಂಡು ಮರುದಿನ ಮೇಕಪ್ಪಿನ ಬಣ್ಣ ಕುತ್ತಿಗೆಯ ಬಣ್ಣಕ್ಕೆ ಹೊಂದುವುದಿಲ್ಲ. ಮೆಹಂದಿ ಇದ್ದರೆ ಅರಿಸಿನ ಮೊದಲು, ಮೆಹಂದಿ ಆಮೇಲೆ. ಮೆಹಂದಿ ಹಚ್ಚಿದ ಕೈಗೆ ಎಣ್ಣೆ ಅರಿಸಿನ ಹಾಕಿ ಉಜ್ಜಿದರೆ ಬಣ್ಣ ಮಾಸುತ್ತದೆ. ಮೆಹಂದಿ ಕೆಂಪೇರಲು ಒಂದರಿಂದ ಎರಡು ದಿನ ಬೇಕು, ಆದ್ದರಿಂದ ಇವೆರಡನ್ನೂ ಧಾರೆಗೆ ಎರಡು ದಿನ ಮೊದಲೇ ಮುಗಿಸಿ. ಹಚ್ಚಿದ ಕೂಡಲೇ ಕಪ್ಪಾಗುವ ಮೆಹಂದಿಯಲ್ಲಿ ಕೂದಲಿನ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ, ಕೈಗೆ ಗುಳ್ಳೆ ಏಳಬಹುದು. ಬಳೆ ಶಾಸ್ತ್ರ ಮೆಹಂದಿಯ ಮರುದಿನ. ಬಳೆಗಾರರಿಗೆ ಸೋಪು ಹಚ್ಚಬೇಡಿ ಎಂದು ಹೇಳಿ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ ಏರಿಸಿದರೆ ಹಸಿರು ಬಳೆಯೂ ಸಲೀಸಾಗಿ ಏರುತ್ತದೆ, ಬಣ್ಣವೂ ಉಳಿಯುತ್ತದೆ.

ಮೊಗ್ಗಿನ ಜಡೆ ಮತ್ತೆ ಬಂದಿರುವುದು ನನಗೆ ತುಂಬ ಸಂತೋಷದ ಸಂಗತಿ. ಪುಣೆಯ ಹುಡುಗಿಯರೂ ಈಗ ಕೇಳಿ ಹಾಕಿಸಿಕೊಳ್ಳುತ್ತಾರೆ. ಆದರೆ ಮಲ್ಲಿಗೆ ಸಂಜೆ ಅರಳುವ ಹೂವು. ಬೆಳಿಗ್ಗೆ ಕೊಯ್ದ ಮೊಗ್ಗು ಅದೇ ರಾತ್ರಿ ಬಿರಿಯುತ್ತದೆ. ಮರುದಿನದ ಮುಹೂರ್ತಕ್ಕೆ ಮೊಗ್ಗಾಗಿಯೇ ಇರಬೇಕಾದರೆ ಹೆಣೆದ ಜಡೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿ, ಐಸು ನೇರವಾಗಿ ತಾಗದಂತೆ ಇಡಬೇಕು. ತಾಗಿದ ಕಡೆ ಮೊಗ್ಗು ಕಂದುತ್ತದೆ. ಚಳಿಗಾಲದಲ್ಲಿ ದುಂಡುಮಲ್ಲಿಗೆ ಕಡಿಮೆ, ದುಬಾರಿ. ಆಗ ಕಾಕಡದ ಮೊಗ್ಗೇ ಸರಿ. ಜಡೆಯ ಭಾರವನ್ನು ಹುಡುಗಿಯ ಕೂದಲೊಂದೇ ಹೊರಬಾರದು, ಚೌರಿ ಸೇರಿಸಿ ಹೆಣೆದು ಅದಕ್ಕೆ ಹೊಲಿಯಬೇಕು. ಇಲ್ಲವಾದರೆ ಧಾರೆಯ ಹೊತ್ತಿಗೆ ತಲೆನೋವು ಶುರು.

ಸೀರೆಯ ವಿಷಯದಲ್ಲಿ ಎರಡೂ ನಾಡು ಅಕ್ಕತಂಗಿಯರು. ಅಲ್ಲಿ ಅಷ್ಟಪುತ್ರಿ ಎಂಬ ಹಳದಿ ಸೀರೆ ಸೋದರಮಾವನ ಕಡೆಯಿಂದ ಬರುತ್ತದೆ, ಮಂಟಪಕ್ಕೆ ಕರೆತರುವವರೂ ಅವರೇ. ನಮ್ಮಲ್ಲೂ ಸೋದರಮಾವನಿಲ್ಲದೆ ಹುಡುಗಿ ಹಸೆಗೆ ಬರುವುದಿಲ್ಲ. ಬೇರೆಯಾಗುವುದು ಧಾರೆಯಲ್ಲಿ. ಅಲ್ಲಿ ಮಂಗಲಾಷ್ಟಕ ಮುಗಿಯುವಷ್ಟರಲ್ಲಿ ಜನ ಕೂತಲ್ಲಿಂದಲೇ ಅಕ್ಷತೆ ಹಾಕಿ ಮುಗಿಸುತ್ತಾರೆ. ನಮ್ಮ ಒಕ್ಕಲಿಗರ ಮದುವೆಯಲ್ಲಿ ನೆಂಟರು ಒಬ್ಬೊಬ್ಬರೇ ಬಂದು ಕೈಮೇಲೆ ಹಾಲೆರೆಯುತ್ತಾರೆ. ಇದನ್ನು ಯಾವ ಕಾರಣಕ್ಕೂ ಮೊಟಕು ಮಾಡಬೇಡಿ, ಇಡೀ ಮದುವೆಯ ಜೀವವೇ ಅಲ್ಲಿದೆ. ಐನೂರು ಜನ ಹತ್ತು ಹತ್ತು ಮಿಲಿಲೀಟರ್ ಎರೆದರೂ ಐದು ಲೀಟರ್ ಹಾಲು. ಅಗಲವಾದ ಪರಾತ ಇಡಿ, ತುಂಬುವ ಮೊದಲು ಬದಲಿಸಲು ಒಬ್ಬರನ್ನು ನಿಲ್ಲಿಸಿ, ಹುಡುಗಿಯ ಮಡಿಲಿಗೆ ಹತ್ತಿಯ ಟವೆಲ್ ಹಾಸಿ. ಜರಿ ಹಾಲು ಕುಡಿದರೆ ವಾಸನೆ ಬಿಡುವುದಿಲ್ಲ. ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿಸಿಡುವ ಹೊಸ ಪದ್ಧತಿ ಒಳ್ಳೆಯದೇ, ಹೊತ್ತು ಉಳಿಯುತ್ತದೆ. ಆದರೆ ಒಂದೆರಡು ದಿನ ಮೊದಲು ಮಾಡಿಸಿದರೆ ಸಾಕು. ವಾರಗಟ್ಟಲೆ ಮಡಿಸಿಟ್ಟ ಜರಿ ಮಡಿಕೆಯಲ್ಲಿ ಸೀಳುತ್ತದೆ. ರವಿಕೆಯ ಕಸೂತಿಗೆ ಒಂದೂವರೆ ತಿಂಗಳು ಮೊದಲು ಅಳತೆ ಕೊಡಿ, ಒಳಗೆ ಒಂದು ಇಂಚು ಬಟ್ಟೆ ಬಿಡಿಸಿ, ವಾರ ಮೊದಲು ಹಾಕಿ ನೋಡಿ.

ಇನ್ನು ಊಟ. ಇಲ್ಲಿ ಹಾಸನದವರು ಪುಣೆಗೆ ಕಲಿಸಬೇಕು. ಅಲ್ಲಿ ಸಾಲಾಗಿ ಕೂತು ಉಣ್ಣುವ ಪಂಗತ್ ಕಡಿಮೆಯಾಗಿ ಬಫೆ ಬಂದು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಎಲೆಯೂಟ ಇನ್ನೂ ಗಟ್ಟಿಯಾಗಿದೆ, ಅದನ್ನು ಬಿಡಬಾರದು. ಬಡಿಸುವ ಊಟದಲ್ಲಿ ಬೇಕಾದಷ್ಟೇ ಹಾಕಿಸಿಕೊಳ್ಳಬಹುದು, ವಯಸ್ಸಾದವರು ತಟ್ಟೆ ಹಿಡಿದು ನಿಲ್ಲಬೇಕಾಗಿಲ್ಲ. ಆದರೆ ಎಲೆಯೂಟಕ್ಕೆ ಹೊತ್ತು ಬೇಕು. 200 ಎಲೆಯ ಊಟದ ಮನೆಯಲ್ಲಿ ಒಂದು ಪಂಕ್ತಿ ಕೂತು, ಎದ್ದು, ಎಲೆ ತೆಗೆದು, ಮತ್ತೆ ಹಾಸಲು 40ರಿಂದ 45 ನಿಮಿಷ. ಸಾವಿರ ಜನಕ್ಕೆ ಐದು ಪಂಕ್ತಿ, ಸುಮಾರು ಮೂರೂವರೆ ಗಂಟೆ. ಹನ್ನೆರಡಕ್ಕೆ ಶುರುಮಾಡಿದರೆ ಕೊನೆಯವರು ಏಳುವಾಗ ಮೂರೂವರೆ ಆಗುತ್ತದೆ. ಹನ್ನೊಂದೂವರೆಗೇ ಮೊದಲ ಪಂಕ್ತಿ ಕೂರಿಸಿ. 15ರಿಂದ 20 ಎಲೆಗೆ ಒಬ್ಬರಂತೆ ಬಡಿಸುವವರು ಬೇಕು. ಇದರಲ್ಲಿ ಕೈಬಿಗಿ ಮಾಡಿದರೆ ಪಲ್ಯ ಬಂದಾಗ ಅನ್ನವಿಲ್ಲ, ಅನ್ನ ಬಂದಾಗ ಸಾರಿಲ್ಲ. ಉಣ್ಣುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ನಿಂತುಬಿಡುವುದು ನಮ್ಮ ಕೆಟ್ಟ ಅಭ್ಯಾಸ. ಊಟದ ಮನೆಯ ಬಾಗಿಲಲ್ಲೇ ನೂರು ಕುರ್ಚಿ ಹಾಕಿ, ಮನೆಯ ಹಿರಿಯರೊಬ್ಬರು ನಿಂತು ಕರೆದು ಒಳಗೆ ಬಿಟ್ಟರೆ ನಿಲ್ಲುತ್ತದೆ.

ಅಡುಗೆ ಭಟ್ಟರ ಜೊತೆ ಮಾತನಾಡುವಾಗ ನೂರು ಎಲೆಯ ಲೆಕ್ಕ ಇಟ್ಟುಕೊಳ್ಳಿ. ಸಿಹಿ, ಚಿತ್ರಾನ್ನ, ಪಲ್ಯ ಎಲ್ಲ ಇರುವ ಊಟಕ್ಕೆ ನೂರು ಜನಕ್ಕೆ ಹತ್ತು ಕಿಲೋ ಅಕ್ಕಿ, ಹುಳಿ ಸಾರು ಎರಡಕ್ಕೂ ಸೇರಿ ಮೂರು ಕಿಲೋ ತೊಗರಿಬೇಳೆ, ಕೋಸಂಬರಿಗೆ ಒಂದು ಕಿಲೋ ಹೆಸರುಬೇಳೆ, ಹೋಳಿಗೆ ನೂರಿಪ್ಪತ್ತು, ಮೊಸರು ಮಜ್ಜಿಗೆಗೆ ಹತ್ತು ಲೀಟರ್. ಬೀಗರೂಟದ ಲೆಕ್ಕವೇ ಬೇರೆ. ನೂರು ಜನಕ್ಕೆ ಮೂಳೆ ಸೇರಿ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ಮಾಂಸ ಬೇಕು, ಮುದ್ದೆಯೋ ಕಡುಬೋ ಮೊದಲೇ ಹೇಳಿ. ಉಗ್ರಾಣದ ಬೀಗದ ಕೈ ಒಬ್ಬರದೇ ಕೈಯಲ್ಲಿರಲಿ, ಮತ್ತು ಆ ಒಬ್ಬರು ಫೋಟೋದಲ್ಲಿ ನಿಲ್ಲಬೇಕಾದ ಹತ್ತಿರದ ನೆಂಟರಾಗಿರಬಾರದು. ಪಾಪ, ಅವರು ಎರಡು ಕಡೆಗೂ ಓಡಾಡಿ ಸುಸ್ತಾಗುತ್ತಾರೆ. ಮನೆಗಳ ಲೆಕ್ಕ ಹಿಡಿಯಲು ಬಂದ ಉಡುಗೊರೆ ಬರೆದಿಟ್ಟ ಹಳೆಯ ಮುಯ್ಯಿ ಪುಸ್ತಕಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಹಿಂದಿನ ಮದುವೆಗೆ ಯಾವ ಊರಿನ ಎಷ್ಟು ಮನೆಯವರು ಬಂದಿದ್ದರೆಂದು ಅದರಲ್ಲೇ ಇರುತ್ತದೆ.

ಈಗ ಎಸ್ಟೇಟ್ ಮದುವೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲೇ ಮದುವೆ ಎಂದರೆ ಪುಣೆ, ಮುಂಬಯಿಯಲ್ಲಿರುವ ನಮ್ಮವರಿಗೂ ಆಸೆ. ರಜೆ ಸಿಗುವುದು ಡಿಸೆಂಬರ್ ಕೊನೆಗೆ. ಆಗ ಧನುರ್ಮಾಸ, ಸಂಕ್ರಾಂತಿವರೆಗೆ ನಮ್ಮಲ್ಲಿ ಮುಹೂರ್ತವಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹವೆ ಚೆನ್ನ, ಆದರೆ ಆಗ ಕಾಫಿ ಕೊಯ್ಲು. ಮದುವೆಗೆ ಎಲ್ಲರೂ ಕಣ್ಣಿಡುವ ಸಿಮೆಂಟ್ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ತೋಟದ ಆಳುಗಳಿಗೆ ಪುರುಸೊತ್ತಿರುವುದಿಲ್ಲ. ಕಣ ಖಾಲಿಯಾಗಿ ಸಿಗುವುದು ಏಪ್ರಿಲ್, ಮೇ. ವೈಶಾಖದ ಮುಹೂರ್ತಗಳೂ ಆಗಲೇ. ಆದರೆ ಆ ತಿಂಗಳುಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಬರುತ್ತದೆ ಎಂದೇ ತಿಳಿದು ಏರ್ಪಾಟು ಮಾಡಬೇಕು. ಬಟ್ಟೆಯ ಶಾಮಿಯಾನ ಕಾಲು ಗಂಟೆಯ ಮಳೆಗೆ ಸೋರುತ್ತದೆ, ತಗಡಿನ ಮಾಡು ಬೇಕು. ಕಣದ ಮೇಲ್ಮಗ್ಗುಲಲ್ಲಿ ಒಂದಡಿ ಆಳದ ಕಾಲುವೆ ತೋಡಿಸಿ, ಇಲ್ಲವಾದರೆ ಗುಡ್ಡದ ಕೆಂಪು ನೀರು ಮಂಟಪದೊಳಗೆ. ಪುಣೆಯ ಕಡೆ ಚಾತುರ್ಮಾಸದಲ್ಲಿ ಮದುವೆ ಇಡದೆ ತುಳಸಿ ವಿವಾಹದವರೆಗೆ ಕಾಯುವ ರೂಢಿಯಿದೆ. ನಾವು ಆಷಾಢ ಬಿಟ್ಟು ಶ್ರಾವಣದಲ್ಲಿ ಶುರುಮಾಡುತ್ತೇವೆ. ಮಲೆನಾಡಿನ ಶ್ರಾವಣ ಎಂದರೆ ಜಡಿಮಳೆ, ಕಾಲಿಗೆ ಇಂಬಳ ಎಂಬ ಜಿಗಣೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಮಂಗಳೂರಿನ ಬೀಗರು ದಾರಿಯಲ್ಲೇ ನಿಲ್ಲುತ್ತಾರೆ. ಆ ತಿಂಗಳು ಛತ್ರವೇ ಸರಿ.

ತೋಟದಲ್ಲಿ ಕರೆಂಟಿನ ಲೆಕ್ಕ ತಪ್ಪುವುದು ಗೀಸರುಗಳಿಂದ. ದೀಪ 8 ಕಿಲೋವ್ಯಾಟ್, ಧ್ವನಿ 5, ಅಡುಗೆ ಮನೆ 5, ಆರು ಗೀಸರ್ 12. ಒಟ್ಟು 30. ಜನರೇಟರ್ ಅಳೆಯುವ ಕೆವಿಎ ಲೆಕ್ಕದಲ್ಲಿ ಇದಕ್ಕೆ 37.5 ಬೇಕು, ಸ್ವಲ್ಪ ಹೆಚ್ಚೇ ಇರಲೆಂದು ತರಿಸಬೇಕಾದದ್ದು 50 ಕೆವಿಎ ಜನರೇಟರ್. ದೀಪದವರು ತಮ್ಮ ಲೆಕ್ಕವನ್ನಷ್ಟೇ ಕೊಡುತ್ತಾರೆ. ಬೆಳಗಿನ ಜಾವ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಹೊರಟಾಗ ಕರೆಂಟು ಹೋಗಿ ಮೇಕಪ್ಪಿನ ಕೋಣೆ ಕತ್ತಲಾಗುತ್ತದೆ. ಹಳೆಯ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಇದ್ದರೆ ರಾತ್ರಿಯೇ ಒಲೆಗೆ ಸೌದೆ ಇಡಿ, ಗೀಸರಿನ ಗೊಡವೆಯೇ ಇಲ್ಲ. ತೋಟದ ರಸ್ತೆಯಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ, ಕೊನೆಯ ಮೈಲಿಗೆ ಜೀಪು ಗೊತ್ತುಮಾಡಿ. ಸಕಲೇಶಪುರ, ಆಲೂರು, ಮೂಡಿಗೆರೆಯಲ್ಲಿ ಆನೆ ಓಡಾಡುವ ಕಡೆ ಕತ್ತಲಾದ ಮೇಲೆ ನೆಂಟರನ್ನು ನಡೆದು ಹೋಗಲು ಬಿಡಲೇಬಾರದು. ತೆರೆದ ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದೆ, ತೋಟವಾದರೂ ಅಷ್ಟೇ. ಪುಣೆಯಿಂದ ದಿಬ್ಬಣ ರೈಲಿನಲ್ಲಿ ಬರುವುದಾದರೆ ಹಾಸನಕ್ಕೆ ಅರಸೀಕೆರೆ, ಚಿಕ್ಕಮಗಳೂರಿಗೆ ಕಡೂರು ಅಥವಾ ಬೀರೂರಿನಲ್ಲಿ ಇಳಿಸಿ. ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು, ಒಡವೆಯ ಪೆಟ್ಟಿಗೆ ಯಾರ ಕೈಯಲ್ಲಿ ಎಂದು ಮೊದಲೇ ಹಂಚಿಕೊಳ್ಳಲಿ.

ಸಣ್ಣ ಮದುವೆ ಈಗ ಫ್ಯಾಷನ್ ಎನ್ನುತ್ತಾರೆ. ನಮ್ಮ ಮಲೆನಾಡಿಗೆ ಅದು ಹೊಸದಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಮಂತ್ರಮಾಂಗಲ್ಯ ಎಂಬ ಸರಳ ಮದುವೆಯ ಪದ್ಧತಿ ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಐವತ್ತು ಜನರ ಮದುವೆ ಬೇಕೆನ್ನುವವರು ಆ ದಾರಿಯನ್ನು ನೋಡಲಿ.

ಅಲಂಕಾರಕ್ಕೆ ಥರ್ಮಾಕೋಲ್ ಬೇಡವೇ ಬೇಡ, 2022ರ ಜುಲೈ 1ರಿಂದ ದೇಶದಾದ್ಯಂತ ಅದಕ್ಕೆ ನಿಷೇಧವಿದೆ. ಬಾಳೆಕಂದು, ಮಾವಿನ ತೋರಣ, ಹಸಿ ತೆಂಗಿನ ಗರಿಯ ಚಪ್ಪರ, ಹಾಲುಗಂಬ: ಇದನ್ನು ಪುಣೆಯಲ್ಲಿ ದುಡ್ಡು ಕೊಟ್ಟರೂ ಇಷ್ಟು ಚೆನ್ನಾಗಿ ಕಟ್ಟಿಸಲಾಗುವುದಿಲ್ಲ. ಊರಿನಲ್ಲಿ ಕಟ್ಟಬಲ್ಲ ಕೈಗಳಿವೆ, ಗರಿ ಹಿತ್ತಲಲ್ಲೇ ಇದೆ. ಧಾರೆಯ ಮಂಟಪಕ್ಕೆ ಬೇಕಾದ ಗರಿಯನ್ನು ಹಿಂದಿನ ದಿನ ಬೆಳಿಗ್ಗೆ ಕಡಿದು ತಂದರೆ ಮರುದಿನ ಮಧ್ಯಾಹ್ನದವರೆಗೂ ಹಸಿರಾಗಿಯೇ ಇರುತ್ತದೆ.