ಸಿ ಡ್ರೈವ್‌ಗೆ ಪೋಡಿ

ಹಾರ್ಡ್ ಡಿಸ್ಕ್ ಪಾಲು ಮಾಡುವಾಗ ಪಕ್ಕದಲ್ಲಿ ನಿವೃತ್ತ ಸರ್ವೆಯರನ್ನು ಕೂರಿಸಿಕೊಳ್ಳಬಾರದು. ನಾನು ಕೂರಿಸಿಕೊಂಡೆ. ಬೇರೆ ದಾರಿ ಇರಲಿಲ್ಲ, ಲ್ಯಾಪ್‌ಟಾಪ್ ಅವರದ್ದೇ. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಊರೂರಿನ ಹೊಲಗಳಲ್ಲಿ ಸರಪಳಿ ಎಳೆದವರು. ಅಣ್ಣತಮ್ಮಂದಿರ ಜಗಳ, ರಾತ್ರೋರಾತ್ರಿ ಬಾಂದುಕಲ್ಲು ಕಿತ್ತು ಆಚೆ ನೆಡುವವರು, ಎಲ್ಲ ನೋಡಿದ್ದಾರೆ. ಆದರೂ ಆ ದಿನ ಕಂಡಷ್ಟು ತಕರಾರನ್ನು ಯಾವ ಸರ್ವೆ ನಂಬರಿನಲ್ಲೂ ಕಂಡಿರಲಿಲ್ಲವಂತೆ.

ವಿಷಯ ಇಷ್ಟೆ. 2015ರಲ್ಲಿ ವಿಂಡೋಸ್ 10 ಬಂದಾಗ, ಇದೇ ಕೊನೆಯ ವಿಂಡೋಸ್ ಅನ್ನುವ ಮಾತು ಕಂಪನಿಯ ಕಡೆಯಿಂದಲೇ ಬಂದಿತ್ತು. 2021ರಲ್ಲಿ ಕೊನೆಯದರ ನಂತರದ್ದು ಬಂತು. 2025ರ ಅಕ್ಟೋಬರ್ 14ಕ್ಕೆ ಹತ್ತಕ್ಕೆ ಎಳ್ಳುನೀರು ಬಿಟ್ಟರು. ಸರಿ, ಹನ್ನೊಂದಕ್ಕೆ ಹೋಗೋಣ ಅಂದರೆ ಅಲ್ಲಿ ಕುಲಗೋತ್ರ ಕೇಳುತ್ತಾರೆ. ಇಂಟೆಲ್ ಚಿಪ್ಪಾದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಆಗಿರಬೇಕು. 7ನೇ ತಲೆಮಾರಿನಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಬಿಟ್ಟರೆ ಪಂಕ್ತಿಯಲ್ಲಿ ಎಲೆ ಇಲ್ಲ. ಬ್ರೌಸರ್ ತೆರೆಯೋಕೇ ಏದುಸಿರು ಬಿಡುವ ಸೆಲೆರಾನ್ ಎನ್4000 ಒಳಗೆ ಕೂತು ಉಣ್ಣುತ್ತಿದೆ. ಗಟ್ಟಿಮುಟ್ಟಾದ ಐ7-7700 ಬಾಗಿಲ ಹೊರಗೆ.

"ನಂದು ಎಷ್ಟನೇ ತಲೆಮಾರು?" ದೊಡ್ಡಪ್ಪ ಕೇಳಿದರು.

"ಏಳು, ದೊಡ್ಡಪ್ಪ."

"ಏಳು ತಲೆಮಾರು ಕೂತು ತಿನ್ನೋವಷ್ಟು ಅಂತಾರಲ್ಲ. ಇಲ್ಲಿ ಎಂಟನೆಯವನಿಂದ ಊಟ ಶುರು ಅನ್ನು."

ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಬೇಕಾದವರು 30 ಡಾಲರ್ ಕಟ್ಟಬಹುದು ಅಂದರು. ಇಲ್ಲವೇ ನಿಮ್ಮ ಸೆಟ್ಟಿಂಗ್ಸನ್ನೆಲ್ಲ ಅವರ ಕ್ಲೌಡ್‌ಗೆ ಒಪ್ಪಿಸಿದರೆ ದುಡ್ಡು ಬೇಡ. ಇದು ದೊಡ್ಡಪ್ಪನಿಗೆ ತಕ್ಷಣ ಅರ್ಥವಾಯಿತು. "ಗೇಣಿ ಕಣೋ ಇದು. ಕಾಸಿನಲ್ಲಿ ಕೊಡು, ಇಲ್ಲ ಭತ್ತ ಅಳೆ." ಪೂರ್ತಿ ದುಡ್ಡು ಎಣಿಸಿ ಲ್ಯಾಪ್‌ಟಾಪ್ ತಂದವನು ಗೇಣಿದಾರ ಹೇಗಾದ? ಕರಾರಿನಲ್ಲೇ ಬರೆದಿದ್ದಾರೆ, ತಂತ್ರಾಂಶವನ್ನು ಮಾರಿಲ್ಲ, ಬಳಸೋಕೆ ಪರವಾನಗಿ ಕೊಟ್ಟಿದ್ದೇವೆ ಅಷ್ಟೆ ಅಂತ. ನಾವೆಲ್ಲ ಓದದೇ 'ಒಪ್ಪಿದೆ' ಅಂತ ಒತ್ತುತ್ತೇವಲ್ಲ, ಆ ಕರಾರು.

ಹಾಗಾಗಿ ಪಕ್ಕದಲ್ಲಿ ಒಂದು ಹಿಸ್ಸಾ ಮಾಡಿ, ವಿಂಡೋಸ್ ಬದಲಿಗೆ ಬಳಸಬಹುದಾದ ಪುಕ್ಕಟೆ ಲಿನಕ್ಸ್ ಉಬುಂಟುವನ್ನು ಕೂರಿಸೋಣ ಅಂತ ತೀರ್ಮಾನವಾಯಿತು. ಹಳೇ ಒಕ್ಕಲನ್ನು ಪೂರ್ತಿ ಎಬ್ಬಿಸೋ ಹಾಗಿಲ್ಲ. ದೊಡ್ಡಪ್ಪ ಊರವರಿಗೆ ಬರೆದುಕೊಟ್ಟ ಅರ್ಜಿಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಮಾಯವಾಗಿ, ತಲೆ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ.

ಮೊದಲು ಅಳತೆ. ಡಿಸ್ಕಿನ ಮೇಲೆ 1 ಟಿಬಿ ಅಂತ ಅಚ್ಚಾಗಿದೆ. ವಿಂಡೋಸ್‌ನಲ್ಲಿ ನೋಡಿದರೆ 931 ಜಿಬಿ.

"ಬಾಕಿ 69 ಎಲ್ಲಿ? ಒತ್ತುವರಿಯಾಗಿದೆಯಾ?"

ಇಲ್ಲ ದೊಡ್ಡಪ್ಪ, ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ, ಇಬ್ಬರೂ ಜಿಬಿ ಅಂತಲೇ ಬರೆಯುತ್ತಾರೆ ಅಂದೆ. ಉಬುಂಟು ಇದೇ ಡಿಸ್ಕನ್ನು ಪೂರ್ತಿ 1 ಟಿಬಿ ಅಂತ ತೋರಿಸುತ್ತದೆ ಅಂತಲೂ ಸೇರಿಸಿದೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಸರಪಳಿ ಅಂದ್ರೆ 33 ಅಡಿ. ಮೂವತ್ತು ವರ್ಷ ಅಷ್ಟೇ ಇತ್ತು. ಮಾರೋವಾಗ ಒಂದು ಸರಪಳಿ, ಅಳೆಯೋವಾಗ ಇನ್ನೊಂದು ಹಿಡಿದಿದ್ರೆ ನನ್ನನ್ನ ಸಸ್ಪೆಂಡ್ ಮಾಡ್ತಿದ್ರು."

ಆಮೇಲೆ ಸಿ ಡ್ರೈವನ್ನು ಕುಗ್ಗಿಸೋಕೆ ಹೊರಟೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಬಿದ್ದಿದೆ. ಬಿಟ್ಟುಕೊಡುತ್ತೇನೆ ಅಂದದ್ದು ಮಾತ್ರ ಒಂದು ಚೂರು. ಕಾರಣ ಸರಳ. ಅಲುಗಾಡಿಸಲಾಗದ ಕೆಲವು ಫೈಲುಗಳಿರುತ್ತವೆ. ಅದರಲ್ಲೊಂದು ನಡುಹೊಲದಲ್ಲಿ ಕೂತಿದ್ದರೆ, ಅದರಿಂದಾಚೆಗೆ ಎಷ್ಟೇ ಖಾಲಿಯಿರಲಿ, ಗಡಿ ಅಲ್ಲಿಗೇ ನಿಲ್ಲುತ್ತದೆ.

"ಅಜ್ಜನ ಸಮಾಧಿ" ಅಂದರು ದೊಡ್ಡಪ್ಪ, ತಲೆಯಾಡಿಸುತ್ತಾ. "ಇದು ಎಲ್ಲಾ ಊರಲ್ಲೂ ಇದ್ದದ್ದೇ."

ಆ ಸಮಾಧಿಗಳಲ್ಲಿ ಎರಡರ ಹೆಸರು ಪೇಜ್ ಫೈಲ್, ಹೈಬರ್ನೇಷನ್ ಫೈಲ್. ತಾತ್ಕಾಲಿಕವಾಗಿ ಅವನ್ನು ಆಫ್ ಮಾಡಿ, ಕಂಪ್ಯೂಟರ್ ಮತ್ತೆ ಶುರು ಮಾಡಿ, 300 ಜಿಬಿ ಬಿಡಿಸಿಕೊಂಡೆ. ದೊಡ್ಡಪ್ಪನಿಗೆ ಇದು ಅಷ್ಟು ಹಿಡಿಸಲಿಲ್ಲ. ಪೂಜೆ ಗೀಜೆ ಏನೂ ಇಲ್ವಾ ಅಂತ ಕೇಳಿದರು.

ಪೆನ್‌ಡ್ರೈವ್ ಹಾಕಿ ಉಬುಂಟು ಇನ್‌ಸ್ಟಾಲರ್ ತೆರೆದಾಗ ನಿಜವಾದ ನಕ್ಷೆ ಕಾಣಿಸಿತು. ವಿಂಡೋಸ್ ಒಂದೇ ಸಿ ಡ್ರೈವ್ ತೋರಿಸುತ್ತಿದ್ದ ಜಾಗದಲ್ಲಿ ನಾಲ್ಕು ತುಂಡು. 100 ಎಂಬಿಯದ್ದೊಂದು, ಯಂತ್ರ ಏಳುವಾಗ ಬೇಕಾಗುವ ಇಎಫ್‌ಐ. ಕೊನೆಯಲ್ಲಿ ರಿಕವರಿಗೊಂದು. ಮಧ್ಯೆ 16 ಎಂಬಿಯದ್ದೊಂದು, ಸುಮ್ನೆ 'ಕಾಯ್ದಿರಿಸಿದೆ' ಅಂತ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಅದು ಕಾಣುವುದಿಲ್ಲ. ಯಾರಿಗೆ ಕಾಯ್ದಿರಿಸಿದ್ದು, ಯಾಕೆ ಅಂತ ನಾನು ವಿವರಿಸೋಕೆ ಬಾಯಿ ತೆರೆದೆ. ದೊಡ್ಡಪ್ಪ ಕೈ ಎತ್ತಿ ತಡೆದರು. "ಬಿ ಖರಾಬು, ಯಾರ ಪಾಲಿಗೂ ಬರಲ್ಲ. ಮುಂದಕ್ಕೆ ಹೋಗು."

ಇದು ಹೊಸ ಪದ್ಧತಿಯ ಜಿಪಿಟಿ ರಿಜಿಸ್ಟರು ಅಂದೆ. 1983ರಿಂದ ಬಂದ ಹಳೇ ಎಂಬಿಆರ್ ರಿಜಿಸ್ಟರಿನಲ್ಲಿ ಪಾಲುದಾರರ ಪಟ್ಟಿಗೆ ಇದ್ದದ್ದು 64 ಬೈಟ್ ಜಾಗ, ಅಂದರೆ ನಾಲ್ಕೇ ಸಾಲು. ಐದನೇ ಮಗ ಹುಟ್ಟಿದರೆ? ನಾಲ್ವರಲ್ಲಿ ಒಬ್ಬನ ಪಾಲಿಗೆ 'ಎಕ್ಸ್‌ಟೆಂಡೆಡ್' ಅಂತ ಹೆಸರಿಟ್ಟು, ಮಿಕ್ಕವರನ್ನೆಲ್ಲ ಅವನ ಹಿತ್ತಲಲ್ಲಿ ಗುಡಿಸಲು ಹಾಕಿಸುತ್ತಿದ್ದರು. ಅವರಿಗೆ 'ಲಾಜಿಕಲ್' ಅಂತ ಹೆಸರು. ಅದರಲ್ಲಿ ಲಾಜಿಕ್ ಏನಿತ್ತೋ. ಹೊಸದರಲ್ಲಿ 128 ಪಾಲು ಮಾಡಬಹುದು. ದುಶ್ಶಲೆಯನ್ನೂ ಸೇರಿಸಿ ಕೌರವರಿಗೆಲ್ಲ ಹಂಚಿದರೂ 27 ಮಿಗುತ್ತದೆ.

"ಎಲ್ಲಾ ಸರಿ, ಮೊದಲನೇ ಹಿಸ್ಸಾಕ್ಕೆ ಸಿ ಅಂತ ಯಾಕೆ? ಎ, ಬಿ ಯಾರು?"

ಫ್ಲಾಪಿಗಳು ದೊಡ್ಡಪ್ಪ. ಹಾರ್ಡ್ ಡಿಸ್ಕ್ ಬರೋಕೆ ಮೊದಲು ಎ, ಬಿ ಅಂತ ಎರಡು ಫ್ಲಾಪಿ ಇದ್ದವು. ಅವು ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ.

"ಪೌತಿ ಖಾತೆ ಮಾಡಿಸಿಲ್ಲ ಅನ್ನು. ಸತ್ತವರ ಹೆಸರಲ್ಲೇ ಪಹಣಿ ಓಡ್ತಿದೆ."

ಲಿನಕ್ಸ್‌ನವರೇನು ಸಾಚಾ ಅಂದುಕೊಳ್ಳಬೇಡಿ. ಇನ್‌ಸ್ಟಾಲರಿನಲ್ಲಿ 'ಇಡೀ ಡಿಸ್ಕ್ ಅಳಿಸಿ ಉಬುಂಟು ಹಾಕು' ಅನ್ನುವ ಆಯ್ಕೆ ಕಣ್ಣಿಗೆ ಹೊಡೆಯುವ ಹಾಗೆ ಕೂತಿರುತ್ತದೆ. ಪಕ್ಕದ ಮನೆಗೆ ಬಾಡಿಗೆಗೆ ಬಂದವನು ಗೃಹಪ್ರವೇಶದ ದಿನವೇ ಜೆಸಿಬಿ ತಂದ ಹಾಗೆ. ಅದನ್ನು ದಾಟಿ ಕೈಯಾರೆ ಪಾಲು ಮಾಡೋಕೆ ಹೋದರೆ, ಮೌಂಟ್ ಪಾಯಿಂಟ್ ಯಾವುದು, ಅಂದರೆ ಈ ಪಾಲನ್ನು ಎಲ್ಲಿಗೆ ಸೇರಿಸಲಿ, ಅಂತ ಕೇಳುತ್ತದೆ. ಉತ್ತರ ಒಂದೇ ಒಂದು ಓರೆ ಗೀಟು. ಅಲ್ಲಿ ಸಿ ಇಲ್ಲ, ಡಿ ಇಲ್ಲ, ಎಲ್ಲವೂ ಆ ಗೀಟಿನ ಕೆಳಗೆ ಅವಿಭಕ್ತ ಕುಟುಂಬ. "ಊರ ಹೆಸರು ಬರಿ ಅಂದ್ರೆ ಗೀಟು ಎಳೀತಾರಾ?" ಅಂತ ದೊಡ್ಡಪ್ಪನಿಗೆ ಬೇಜಾರಾಯಿತು. ಅದನ್ನು ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ ಅಂದ ಮೇಲೆ ಸಮಾಧಾನವಾದರು.

ಮರುದಿನ ಬೆಳಿಗ್ಗೆ 10ಕ್ಕೆ ವಿಂಡೋಸ್ ತೆರೆದರೆ ಗಡಿಯಾರ 4:30 ತೋರಿಸುತ್ತಿತ್ತು. ಬೋರ್ಡಿನ ಗಡಿಯಾರದಲ್ಲಿರುವುದು ಗ್ರೀನಿಚ್ ಲೆಕ್ಕದ ಸಮಯ ಅಂತ ಲಿನಕ್ಸ್ ನಂಬುತ್ತದೆ, ಊರಿನ ಸಮಯ ಅಂತ ವಿಂಡೋಸ್ ನಂಬುತ್ತದೆ. ಒಂದೇ ಗೋಡೆ ಗಡಿಯಾರಕ್ಕೆ ಇಬ್ಬರು ಸೊಸೆಯರು ಕೀಲಿ ಕೊಟ್ಟರೆ ಐದೂವರೆ ಗಂಟೆ ಹೋಗದೆ ಇನ್ನೇನಾಗುತ್ತದೆ? ಒಂದೇ ಸಾಲಿನ ಆದೇಶ ಕೊಟ್ಟು ಸರಿ ಮಾಡಿದೆ.

ಆಗ ದೊಡ್ಡಪ್ಪ ಹಳೇ ಕಥೆ ತೆಗೆದರು. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದಾಗ ಊರವರಿಗೆಲ್ಲ ಫಾರಂ ನಂಬರ್ 7 ತುಂಬಿಕೊಟ್ಟ ಹುಡುಗ ಇವರೇ. "ಟೈಪ್ ಮಾಡೋನಿಗೆ ಯಾವ ಫಾರಂ ಇದೆಯೋ?" ಅಂದರು. ಗೊತ್ತಿದ್ದರೆ ನಾನೇ ಮೊದಲು ಹಾಕುತ್ತಿದ್ದೆ.

ಅಷ್ಟರಲ್ಲಿ, ಲಿನಕ್ಸ್‌ನಲ್ಲಿ ಬ್ಯಾಕಪ್ ತೆಗೆದಿಟ್ಟಿದ್ದ ಡಿಸ್ಕನ್ನು ವಿಂಡೋಸ್‌ಗೆ ಚುಚ್ಚಿದೆ. ವಿಂಡೋಸ್‌ಗೆ ಇಎಕ್ಸ್‌ಟಿ4 ಅನ್ನುವ ಲಿನಕ್ಸ್ ಬರಹ ಓದೋಕೆ ಬರುವುದಿಲ್ಲ. ಬರುವುದಿಲ್ಲ ಅಂತ ಒಪ್ಪಿಕೊಳ್ಳಬಹುದಿತ್ತು. ಅದರ ಬದಲು ಒಂದು ಕಿಟಕಿ ತೆರೆದು ಹೇಳಿತು, ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ದೊಡ್ಡಪ್ಪ ಕನ್ನಡಕ ಏರಿಸಿ ಎರಡು ಸಲ ಓದಿಸಿಕೊಂಡರು.

"ಪಕ್ಕದವನ ಪತ್ರ ನನಗೆ ಓದೋಕೆ ಬರಲ್ಲ, ಅದಕ್ಕೆ ಅವನ ಹೊಲ ಸುಟ್ಟುಬಿಡಲಾ ಅಂತ ಕೇಳ್ತಿದೆಯಾ?"

"ಹೂಂ ದೊಡ್ಡಪ್ಪ."

"ಬೇಡ ಅಂತ ಒತ್ತು. ತಡಿ, ಒತ್ತೋಕೆ ಮುಂಚೆ ಒಂದು ಫೋಟೋ ತೆಗೆದಿಟ್ಟುಕೋ. ತಕರಾರು ಅರ್ಜಿಗೆ ಲಗತ್ತಿಸೋಕೆ ಬೇಕಾಗುತ್ತೆ."